ಸ್ಲಿಪ್ಪು, ಹೆಬ್ಬೆಟ್ಟು, ಬಿಳಿ ಚೀಟಿ: ಖಾತೆಯಿಂದ ಹೋದ ದುಡ್ಡಿಗೆ ಬ್ಯಾಂಕ್ ಎಲ್ಲಿಯವರೆಗೆ ಹೊಣೆ?

ಪ್ರಶ್ನೆ: ನಮ್ಮದು ಆಳಂದ ತಾಲ್ಲೂಕಿನ ಹಳ್ಳಿ. ತಂದೆಗೆ 71 ವರ್ಷ, ಕನ್ನಡದಲ್ಲಿ ಸಹಿ ಮಾಡುತ್ತಾರೆ. ಫೆಬ್ರುವರಿಯಲ್ಲಿ ಕಲಬುರಗಿ ಗಂಜಿನಲ್ಲಿ ತೊಗರಿ ಮಾರಿದ ದುಡ್ಡು ಸೇರಿ ಅವರ ಉಳಿತಾಯ ಖಾತೆಯಲ್ಲಿ ₹3,84,000 ಇತ್ತು. ಬಿತ್ತನೆ ಖರ್ಚಿಗೆಂದು ಜೂನ್‌ನಲ್ಲಿ ಹೋಗಿ ಪಾಸ್‌ಬುಕ್ ಎಂಟ್ರಿ ಮಾಡಿಸಿದರೆ ₹1,14,000 ಮಾತ್ರ ಇದೆ. ವಿತ್‌ಡ್ರಾವಲ್ ಸ್ಲಿಪ್ ಮೇಲೆ ಒಮ್ಮೆ ₹90,000, ಇನ್ನೊಮ್ಮೆ ₹1,20,000 ಹೋಗಿದೆ. ಆಧಾರ್ ಹೆಬ್ಬೆಟ್ಟಿನ ಮೇಲೆ ₹10,000ದಂತೆ ಆರು ಸಲ ಹೋಗಿದೆ. ಇದು ಸಾಲದೆಂಬಂತೆ, ಏಪ್ರಿಲ್‌ನಲ್ಲಿ ಊರಿನ ಬ್ಯಾಂಕ್ ಮಿತ್ರನ (ಹಳ್ಳಿಯಲ್ಲಿ ಬ್ಯಾಂಕಿನ ಪರವಾಗಿ ವ್ಯವಹಾರ ನಡೆಸುವ ಏಜೆಂಟ್) ಕೈಗೆ ಜಮೆ ಮಾಡಲು ಕೊಟ್ಟ ₹50,000 ಖಾತೆಗೆ ಬಂದೇ ಇಲ್ಲ. ಆತ ಬಿಳಿ ಚೀಟಿಯಲ್ಲಿ ಬರೆದುಕೊಟ್ಟಿದ್ದಾನೆ. ಖಾತೆಗೆ ಜೋಡಿಸಿದ್ದ ಸಿಮ್ ಎರಡು ವರ್ಷದಿಂದ ಬಂದ್. ಮ್ಯಾನೇಜರ್ ಹೇಳುವುದು: "ಸಹಿ ನಿಮ್ಮದೇ, ಯಾರಿಗೋ ಒಟಿಪಿ ಕೊಟ್ಟಿರಬೇಕು, ಮಿತ್ರನಿಗೆ ಕೊಟ್ಟದ್ದಕ್ಕೆ ನಾವು ಹೊಣೆಯಲ್ಲ, ಪೊಲೀಸರ ಹತ್ತಿರ ಹೋಗಿ." ಬ್ಯಾಂಕಿಗೆ ಹೊಣೆಯೇ ಇಲ್ಲವೇ? 5 ಲಕ್ಷದ ವಿಮೆ ಇದೆಯಂತಲ್ಲ, ಅದರಿಂದ ಸಿಗುತ್ತದೆಯೇ?

ಉತ್ತರ: ಮೊದಲು ವಿಮೆಯ ಮಾತು ಮುಗಿಸಿಬಿಡೋಣ. ಠೇವಣಿ ವಿಮಾ ನಿಗಮ ಕೊಡುವ 5 ಲಕ್ಷ ರೂಪಾಯಿಯ ರಕ್ಷಣೆ (2020ರ ಫೆಬ್ರುವರಿ 4ರಿಂದ ಈ ಮಿತಿ ಇದೆ) ಬ್ಯಾಂಕೇ ಮುಳುಗಿದಾಗ ಅಥವಾ ರಿಸರ್ವ್ ಬ್ಯಾಂಕ್ ಅದರ ಮೇಲೆ ನಿರ್ಬಂಧ ಹೇರಿದಾಗ ಬಳಕೆಗೆ ಬರುವಂಥದ್ದು. ಬಾಗಿಲು ತೆರೆದಿರುವ ಬ್ಯಾಂಕಿನಲ್ಲಿ ಒಬ್ಬರ ಖಾತೆಯಿಂದ ದುಡ್ಡು ಹೋದರೆ ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಇನ್ನು ಹೊಣೆಯ ವಿಷಯ. ಹೆಚ್ಚಿನವರು ಬ್ಯಾಂಕನ್ನು ಕಾವಲುಗಾರ ಎಂದುಕೊಂಡಿದ್ದಾರೆ: ನಮ್ಮ ದುಡ್ಡು ಅಲ್ಲಿದೆ, ಯಾರೋ ಕದ್ದರು, ಈಗ ಕಳ್ಳನನ್ನು ಹಿಡಿಯಬೇಕು. ಕಾನೂನು ಹೀಗೆ ನೋಡುವುದಿಲ್ಲ. ಖಾತೆಗೆ ಕಟ್ಟಿದ ಕ್ಷಣದಿಂದ ಆ ನೋಟುಗಳು ಬ್ಯಾಂಕಿನ ಸ್ವಂತದ್ದು. ನಿಮ್ಮ ತಂದೆಗೆ ಉಳಿದದ್ದು, ಕೇಳಿದಾಗ ಅಷ್ಟು ಮೊತ್ತ ಹಿಂದೆ ಪಡೆಯುವ ಹಕ್ಕು. ಅಂದರೆ ಬ್ಯಾಂಕು ಅವರ ಸಾಲಗಾರ. ಕೌಂಟರಿನಲ್ಲಿ ಬೇರೆ ಯಾರೋ ಬಂದು ದುಡ್ಡು ಒಯ್ದರೆ ಕಳೆದದ್ದು ಬ್ಯಾಂಕಿನ ದುಡ್ಡು; ನಿಮ್ಮ ತಂದೆಗೆ ಬ್ಯಾಂಕು ಕೊಡಬೇಕಾದ ಬಾಕಿ ಹಾಗೇ ಇರುತ್ತದೆ. ಆ ಬಾಕಿ ತೀರಿತೆನ್ನಲು ಬ್ಯಾಂಕು ತೋರಿಸಬೇಕಾದದ್ದು ಒಂದೇ: ಖಾತೆದಾರನ ಅಪ್ಪಣೆ. ಆದ್ದರಿಂದ ನೀವು ಎಲ್ಲಿಗೆ ಹೋದರೂ, ಏನು ಬರೆದರೂ, "ನನ್ನ ದುಡ್ಡು ಯಾರು ಕದ್ದರು" ಎಂದು ಕೇಳಬೇಡಿ. "ನನ್ನ ಅಪ್ಪಣೆ ಎಲ್ಲಿದೆ, ತೋರಿಸಿ" ಎಂದು ಕೇಳಿ. ಮೊದಲನೆಯ ಪ್ರಶ್ನೆಗೆ ಉತ್ತರ ಹುಡುಕುವ ಭಾರ ನಿಮ್ಮ ತಲೆಗೆ ಬರುತ್ತದೆ, ಎರಡನೆಯದರಲ್ಲಿ ಭಾರ ಬ್ಯಾಂಕಿನದು.

ನಿಮ್ಮ ಪ್ರಕರಣದ ತೊಡಕೆಂದರೆ ₹3,20,000 ಮೂರು ಬೇರೆ ಬೇರೆ ದಾರಿಯಲ್ಲಿ ಹೋಗಿದೆ, ಮೂರಕ್ಕೂ ನಿಯಮ ಬೇರೆ. ಮ್ಯಾನೇಜರ್ ಮೂರನ್ನೂ ಒಂದೇ ಉಸಿರಿನಲ್ಲಿ ತಳ್ಳಿಹಾಕಿದ್ದಾರೆ. ನೀವೂ ಒಂದೇ ಅರ್ಜಿಯಲ್ಲಿ ಮೂರನ್ನೂ ಕಲಸಿದರೆ ನಿಮ್ಮ ಗಟ್ಟಿ ಬೇಡಿಕೆಯನ್ನು ದುರ್ಬಲ ಬೇಡಿಕೆ ಕೆಳಗೆಳೆಯುತ್ತದೆ. ಮೂರು ಅರ್ಜಿ ಬರೆಯಿರಿ.

ಸ್ಲಿಪ್ ಮೇಲೆ ಹೋದ ₹2,10,000

ಇದು ನಿಮ್ಮ ಅತಿ ಗಟ್ಟಿಯಾದ ಬೇಡಿಕೆ, ಒಂದು ಷರತ್ತಿನ ಮೇಲೆ. ಆ ಷರತ್ತನ್ನು ಆಮೇಲೆ ಹೇಳುತ್ತೇನೆ.

ನಕಲಿ ಸಹಿಯ ಕಾಗದ ಕಾನೂನಿನ ಕಣ್ಣಿಗೆ ಅಪ್ಪಣೆಯೇ ಅಲ್ಲ. ಬ್ಯಾಂಕು ಎಷ್ಟೇ ನಂಬಿಕೆಯಿಂದ ದುಡ್ಡು ಕೊಟ್ಟಿದ್ದರೂ, ನಕಲು ಎಷ್ಟೇ ನಾಜೂಕಾಗಿದ್ದರೂ, ಖಾತೆದಾರನ ಲೆಕ್ಕಕ್ಕೆ ಅದನ್ನು ಖರ್ಚು ಹಾಕುವಂತಿಲ್ಲ. ಇದಕ್ಕೆ ನಮ್ಮ ರಾಜ್ಯದಿಂದಲೇ ಹೋದ ಒಂದು ದೊಡ್ಡ ತೀರ್ಪಿದೆ: ಕೆನರಾ ಬ್ಯಾಂಕ್ ವಿರುದ್ಧ ಕೆನರಾ ಸೇಲ್ಸ್ ಕಾರ್ಪೊರೇಷನ್, ಸುಪ್ರೀಂ ಕೋರ್ಟ್, 1987. ಆ ಕಂಪನಿಯ ಅಕೌಂಟೆಂಟ್ ವ್ಯವಸ್ಥಾಪಕ ನಿರ್ದೇಶಕರ ಸಹಿಯನ್ನು ನಕಲು ಮಾಡಿ 42 ಚೆಕ್‌ಗಳ ಮೂಲಕ ₹3.26 ಲಕ್ಷ ಎತ್ತಿದ್ದ. ಚೆಕ್ ಪುಸ್ತಕ ಅವನ ಕೈಯಲ್ಲೇ ಇತ್ತು. "ವರ್ಷಗಟ್ಟಲೆ ಪಾಸ್‌ಶೀಟ್ ನೋಡಿಕೊಳ್ಳದೆ ಇದ್ದದ್ದು ಕಂಪನಿಯದೇ ತಪ್ಪು" ಎಂದು ಬ್ಯಾಂಕು ವಾದಿಸಿತು. ಕೋರ್ಟು ಒಪ್ಪಲಿಲ್ಲ. ಪಾಸ್‌ಬುಕ್ ಪರೀಕ್ಷಿಸಿ ತಪ್ಪು ತೋರಿಸುವ ಕರ್ತವ್ಯ ಗ್ರಾಹಕನಿಗೆ ಸಹಜವಾಗಿ ಇರುವುದಿಲ್ಲ, ಬ್ಯಾಂಕು ಹಾಗೆ ಒಪ್ಪಂದ ಮಾಡಿಕೊಂಡಿದ್ದರೆ ಮಾತು ಬೇರೆ ಎಂದಿತು. "ಇಷ್ಟು ತಿಂಗಳು ಏನು ಮಾಡುತ್ತಿದ್ದಿರಿ" ಎಂಬ ಕೌಂಟರಿನ ಗದರಿಕೆಗೆ ಈ ತೀರ್ಪೇ ಉತ್ತರ. ಆದರೆ ಖಾತೆ ತೆರೆಯುವಾಗ ಸಹಿ ಹಾಕಿದ ಫಾರಂನಲ್ಲಿ ಅಥವಾ ಪಾಸ್‌ಬುಕ್ಕಿನ ಹಿಂಬದಿಯ ಷರತ್ತುಗಳಲ್ಲಿ "ಇಷ್ಟು ದಿನದೊಳಗೆ ತಕರಾರು ತಿಳಿಸಬೇಕು" ಎಂದಿದೆಯೇ ನೋಡಿಟ್ಟುಕೊಳ್ಳಿ. ಬ್ಯಾಂಕಿನ ವಕೀಲರು ಮೊದಲು ಎತ್ತುವುದು ಅದನ್ನೇ.

ಈಗ ಮಾಡಬೇಕಾದದ್ದು ಆ ಎರಡು ಸ್ಲಿಪ್‌ಗಳನ್ನು ಕಣ್ಣಾರೆ ನೋಡುವುದು. ಪಾಸ್‌ಬುಕ್ಕಿನ ಸಾಲು ಸಾಕ್ಷ್ಯವಲ್ಲ, ಸ್ಲಿಪ್ಪೇ ಸಾಕ್ಷ್ಯ. ಸ್ಲಿಪ್ಪಿನ ಎರಡೂ ಬದಿಯ ಪ್ರತಿ, ಬ್ಯಾಂಕಿನಲ್ಲಿರುವ ಮಾದರಿ ಸಹಿಯ ಪ್ರತಿ, ಆ ವಹಿವಾಟು ನಮೂದಿಸಿದ ಸಿಬ್ಬಂದಿಯ ಮತ್ತು ಪಾಸು ಮಾಡಿದ ಅಧಿಕಾರಿಯ ಐಡಿ, ಕಂಪ್ಯೂಟರಿನಲ್ಲಿ ದಾಖಲಾದ ಸಮಯ, ಇವಿಷ್ಟನ್ನೂ ಬರಹದಲ್ಲಿ ಕೇಳಿ. ಸ್ಲಿಪ್ ಕೈಗೆ ಬಂದಾಗ ಮುಂಬದಿಗಿಂತ ಹಿಂಬದಿಯನ್ನು ಜಾಸ್ತಿ ಹೊತ್ತು ನೋಡಿ. ದುಡ್ಡು ಪಡೆದವರ ಸಹಿ ಇರುವುದು ಅಲ್ಲಿ. ಕ್ಯಾಷಿಯರ್ ನೋಟುಗಳ ಲೆಕ್ಕ ಬರೆಯುವುದೂ, ಟೋಕನ್ ಸಂಖ್ಯೆ ಇರುವುದೂ ಅಲ್ಲೇ. ಮುಂದೆ ಒಂದು ಸಹಿ, ಹಿಂದೆ ಬೇರೆ ತರಹದ ಸಹಿ ಇದ್ದರೆ, ಅಥವಾ ಹಿಂದೆ ಸಹಿಯೇ ಇಲ್ಲದಿದ್ದರೆ, ಪ್ರಕರಣ ಅರ್ಧ ಗೆದ್ದಂತೆ. ಮೊತ್ತವನ್ನು ಅಕ್ಷರದಲ್ಲಿ ಬರೆದ ಕೈ ಯಾರದು ಎಂಬುದೂ ಮುಖ್ಯ. ಕನ್ನಡದಲ್ಲಷ್ಟೇ ಬರೆಯಬಲ್ಲವರ ಸ್ಲಿಪ್ ಇಂಗ್ಲಿಷ್‌ನಲ್ಲಿ ತುಂಬಿದ್ದರೆ ತುಂಬಿದವರು ಯಾರು ಎಂದು ಕೇಳುವ ಹಕ್ಕು ನಿಮಗಿದೆ. ವಿತ್‌ಡ್ರಾವಲ್ ಸ್ಲಿಪ್ ಮೇಲೆ ದುಡ್ಡು ಕೊಡುವಾಗ ಪಾಸ್‌ಬುಕ್ ಜೊತೆಗಿರಬೇಕು ಎಂಬುದು ಶಾಖೆಗಳಲ್ಲಿ ಇರುವ ಸಾಮಾನ್ಯ ಶಿಸ್ತು. ಅದು ಸ್ಲಿಪ್ ಮೇಲೆಯೇ ಅಚ್ಚಾಗಿರುತ್ತದೆ. ಆ ದಿನ ಪಾಸ್‌ಬುಕ್ ನಿಮ್ಮ ಮನೆಯಲ್ಲಿತ್ತು, ಅದರಲ್ಲಿ ಆ ತಾರೀಖಿನ ಎಂಟ್ರಿ ಆಗಿರಲಿಲ್ಲ ಎಂಬುದನ್ನು ಅರ್ಜಿಯಲ್ಲಿ ತಪ್ಪದೆ ಬರೆಯಿರಿ.

ಸಿಸಿಟಿವಿ ದೃಶ್ಯ ಕೆಲವೇ ತಿಂಗಳು ಉಳಿದು ಅದರ ಮೇಲೆ ಹೊಸದು ಕೂರುತ್ತದೆ. "ಈ ಎರಡು ತಾರೀಖಿನ ಕ್ಯಾಷ್ ಕೌಂಟರಿನ ದೃಶ್ಯವನ್ನು ಅಳಿಸದೆ ಕಾದಿರಿಸಿ" ಎಂದು ಇವತ್ತೇ ಬರೆದು ಸ್ವೀಕೃತಿ ಸೀಲು ಹಾಕಿಸಿ. ದೃಶ್ಯ ಕೊಡಲು ಅವರು ಒಪ್ಪಲಿಕ್ಕಿಲ್ಲ, ಪರವಾಗಿಲ್ಲ. ಕಾದಿರಿಸಿ ಎಂದು ಬರೆದ ಮೇಲೂ ಅಳಿಸಿದರೆ ಅದನ್ನು ಗ್ರಾಹಕರ ಆಯೋಗ ಬ್ಯಾಂಕಿನ ವಿರುದ್ಧ ಓದುತ್ತದೆ.

ಇನ್ನು ಆ ಷರತ್ತು. ತಂದೆಯವರನ್ನು ಕೂರಿಸಿಕೊಂಡು ನಿಧಾನವಾಗಿ ಕೇಳಿ: ಯಾವತ್ತಾದರೂ ಖಾಲಿ ಸ್ಲಿಪ್‌ಗೆ ಸಹಿ ಹಾಕಿ ಯಾರ ಕೈಗಾದರೂ ಕೊಟ್ಟಿದ್ದರೇ? ಬೆಳೆಸಾಲ ನವೀಕರಿಸುವಾಗ "ಇಲ್ಲೊಂದು, ಇಲ್ಲೊಂದು" ಎಂದು ಸಹಿ ಹಾಕಿಸಿಕೊಳ್ಳುವ ಕಾಗದಗಳ ನಡುವೆ ಖಾಲಿ ಸ್ಲಿಪ್ ಸೇರಿಸುವ ಕೆಟ್ಟ ರೂಢಿ ಬಹಳ ಕಡೆ ಇದೆ. ಸಹಿ ನಿಜವಾದದ್ದೇ ಆದರೆ 1987ರ ತೀರ್ಪು ನೇರವಾಗಿ ನಿಮ್ಮ ಕೈ ಹಿಡಿಯುವುದಿಲ್ಲ. ಖಾಲಿ ಸ್ಲಿಪ್ ಪಡೆದವರು ಬ್ಯಾಂಕಿನವರೇ ಆಗಿದ್ದರೆ ನೌಕರನ ಮೋಸಕ್ಕೆ ಯಜಮಾನ ಹೊಣೆ ಎಂಬ ದಾರಿಯಿಂದ ಹೋಗಬೇಕು. ಹೊರಗಿನವರಾಗಿದ್ದರೆ ಪೊಲೀಸ್ ದೂರೇ ಮುಖ್ಯವಾಗುತ್ತದೆ. ಈ ಪ್ರಶ್ನೆಯ ನಿಜವಾದ ಉತ್ತರ ತಿಳಿಯದೆ "ಸಹಿ ನಕಲಿ" ಎಂದು ಬರೆದುಕೊಡಬೇಡಿ. ತಜ್ಞರ ಪರೀಕ್ಷೆಯಲ್ಲಿ ಸಹಿ ನಿಜವೆಂದು ಬಂದರೆ ಉಳಿದ ಎರಡು ಬೇಡಿಕೆಗಳ ಮೇಲಿನ ನಂಬಿಕೆಯೂ ಹೋಗುತ್ತದೆ.

ಹೆಬ್ಬೆಟ್ಟಿನ ಖಾತೆದಾರರು ಇದನ್ನು ಓದುತ್ತಿದ್ದರೆ ಒಂದು ಮಾತು: ಕಾಯಿಲೆಯಿಂದಲೋ ಮುಪ್ಪಿನಿಂದಲೋ ಬ್ಯಾಂಕಿಗೆ ಬರಲಾಗದವರ ಹೆಬ್ಬೆಟ್ಟಿನ ಮೇಲೆ ದುಡ್ಡು ಕೊಡಬೇಕಾದರೆ ಬ್ಯಾಂಕಿಗೆ ಪರಿಚಯವಿರುವ ಇಬ್ಬರು ಸಾಕ್ಷಿಗಳು ಅದನ್ನು ಗುರುತಿಸಬೇಕು, ಅವರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕು ಎಂದು ರಿಸರ್ವ್ ಬ್ಯಾಂಕ್ ಹೇಳಿದೆ. ಸಾಕ್ಷಿಗಳಿಲ್ಲದ ಹೆಬ್ಬೆಟ್ಟಿನ ಸ್ಲಿಪ್ ಬ್ಯಾಂಕಿಗೆ ಬಲು ದುರ್ಬಲ ದಾಖಲೆ.

ಆಧಾರ್ ಮೇಲೆ ಹೋದ ₹60,000

"ಒಟಿಪಿ ಕೊಟ್ಟಿರಬೇಕು" ಎಂದ ಮ್ಯಾನೇಜರಿಗೆ ಎಇಪಿಎಸ್ (ಆಧಾರ್ ಬೆರಳಚ್ಚಿನ ಮೇಲೆ ಖಾತೆಯಿಂದ ದುಡ್ಡು ಕೊಡುವ ವ್ಯವಸ್ಥೆ) ಹೇಗೆ ನಡೆಯುತ್ತದೆಂಬುದೇ ಗೊತ್ತಿಲ್ಲ, ಇಲ್ಲವೇ ಗೊತ್ತಿದ್ದೂ ಹಾಗೆ ಹೇಳುತ್ತಿದ್ದಾರೆ. ಅದರಲ್ಲಿ ಒಟಿಪಿಗೆ ಜಾಗವೇ ಇಲ್ಲ. ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು, ಮೂರು ಸಾಕು. ಒಂದು ಸಲಕ್ಕೆ ₹10,000 ಮಿತಿ; ನಿಮ್ಮ ಖಾತೆಯಲ್ಲಿ ಆರು ಸಲವೂ ಅಷ್ಟೇ ಹೋಗಿರುವುದು ಅದಕ್ಕೇ. ಎರಡು ರೀತಿ ಮೋಸ ನಡೆಯುತ್ತದೆ. ಒಂದು, ಹಳೆಯ ಕಾಗದಪತ್ರಗಳಲ್ಲಿನ ಹೆಬ್ಬೆಟ್ಟಿನಿಂದ ಸಿಲಿಕಾನ್ ಅಚ್ಚು ಮಾಡಿ ಒತ್ತುವುದು. ಎರಡನೆಯದು ಹಳ್ಳಿಗಳಲ್ಲಿ ಇದಕ್ಕಿಂತ ಸಲೀಸು: "ಸರ್ವರ್ ಬರ್ತಿಲ್ಲ, ಇನ್ನೊಮ್ಮೆ ಒತ್ತಿ" ಎನ್ನುವುದು. ಮೊದಲ ಸಲ ಒತ್ತಿದ್ದೂ ಪಾಸಾಗಿರುತ್ತದೆ, ಎರಡನೆಯದೂ ಪಾಸಾಗುತ್ತದೆ, ಒಂದರ ದುಡ್ಡು ಮಾತ್ರ ನಿಮ್ಮ ಕೈಗೆ.

ಯಾವುದು ಎಂದು ತಿಳಿಯಲು ಬ್ಯಾಂಕಿನಿಂದ ಪ್ರತಿ ವಹಿವಾಟಿನ 12 ಅಂಕಿಯ ಆರ್‌ಆರ್‌ಎನ್ ಸಂಖ್ಯೆ (ಆ ವಹಿವಾಟಿನ ಗುರುತಿನ ಸಂಖ್ಯೆ), ಸಮಯ, ಯಂತ್ರ ಯಾವ ಬ್ಯಾಂಕಿನದು, ಟರ್ಮಿನಲ್ ಸಂಖ್ಯೆ ಮತ್ತು ಊರು, ಇವನ್ನು ಕೇಳಿ. ಯಂತ್ರ ಬೇರೆ ರಾಜ್ಯದಲ್ಲಿದ್ದು, ಆ ಹೊತ್ತಿನಲ್ಲಿ ತಂದೆ ಆಳಂದ ತಾಲ್ಲೂಕಿನಲ್ಲೇ ಇದ್ದರೆ ಮಾತು ಮುಗಿಯಿತು. ಮೈ ಆಧಾರ್ ಪೋರ್ಟಲಿನಲ್ಲಿ ಕಳೆದ ಆರು ತಿಂಗಳ ದೃಢೀಕರಣ ಇತಿಹಾಸವೂ ಸಿಗುತ್ತದೆ: ಯಾವತ್ತು, ಎಷ್ಟು ಹೊತ್ತಿಗೆ, ಯಾವ ಸಂಸ್ಥೆಯ ಮೂಲಕ ಬೆರಳಚ್ಚು ಹೋಯಿತು ಎಂದು. ಆದರೆ ಅದಕ್ಕೆ ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಒಟಿಪಿ ಬರಬೇಕು. ಆ ಸಿಮ್ಮೂ ಬಂದ್ ಆಗಿದ್ದರೆ ಮೊದಲು ಆಧಾರ್ ಕೇಂದ್ರಕ್ಕೆ ಹೋಗಿ ಹೊಸ ಸಂಖ್ಯೆ ಜೋಡಿಸಿ. ಆರು ತಿಂಗಳು ದಾಟಿದ್ದು ಕಾಣಿಸುವುದಿಲ್ಲ, ತಡ ಮಾಡಬೇಡಿ. ಅದೇ ದಿನ ಎಂಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿ, ಬ್ಯಾಂಕಿಗೂ "ಈ ಖಾತೆಗೆ ಎಇಪಿಎಸ್ ಖರ್ಚು ನಿಲ್ಲಿಸಿ" ಎಂದು ಬರೆದುಕೊಡಿ. ಪಡಿತರಕ್ಕೆ ಬೆರಳು ಒತ್ತಬೇಕಾದಾಗ ತಾತ್ಕಾಲಿಕವಾಗಿ ಲಾಕ್ ತೆಗೆಯಬಹುದು.

ಹೊಣೆಯ ನಿಯಮ ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯಿಂದ ಬಂದದ್ದು. ಸಹಕಾರಿ ಬ್ಯಾಂಕುಗಳಿಗೆ ಅದೇ ವರ್ಷ ಡಿಸೆಂಬರ್‌ನಲ್ಲಿ ಬಂತು. ಅದರ ಸಾರ ಹೀಗೆ. ತಪ್ಪು ಬ್ಯಾಂಕಿನದಾದರೆ ಗ್ರಾಹಕನ ನಷ್ಟ ಸೊನ್ನೆ, ಆತ ಯಾವಾಗ ತಿಳಿಸಿದರೂ ಸರಿ, ತಿಳಿಸದಿದ್ದರೂ ಸರಿ. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕನದೂ ಅಲ್ಲ, ನಡುವೆ ಎಲ್ಲೋ ಆದದ್ದು ಎಂದಾದರೆ ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಸೊನ್ನೆ. ನಾಲ್ಕರಿಂದ ಏಳನೆಯ ದಿನದೊಳಗೆ ತಿಳಿಸಿದರೆ ಪ್ರತಿ ವಹಿವಾಟಿಗೆ ಸಾಮಾನ್ಯ ಉಳಿತಾಯ ಖಾತೆಗೆ ₹10,000, ಜನಧನದಂಥ ಮೂಲ ಉಳಿತಾಯ ಖಾತೆಗೆ ₹5,000, ಅಥವಾ ವಹಿವಾಟಿನ ಮೊತ್ತ, ಇವುಗಳಲ್ಲಿ ಕಡಿಮೆಯದ್ದು ಗ್ರಾಹಕನ ಪಾಲು. ಏಳು ದಿನ ದಾಟಿದರೆ ಆಯಾ ಬ್ಯಾಂಕಿನ ಆಡಳಿತ ಮಂಡಳಿಯ ನೀತಿ. ಗ್ರಾಹಕನೇ ಪಿನ್ ಅಥವಾ ಒಟಿಪಿ ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವನದು, ತಿಳಿಸಿದ ಮೇಲಿನದು ಬ್ಯಾಂಕಿನದು.

ದಿನ ಎಣಿಸುವಲ್ಲಿ ಎಡವುವವರು ಬಹಳ. ಸಂದೇಶ ಬಂದ ದಿನ ಲೆಕ್ಕಕ್ಕಿಲ್ಲ. ಗುರುವಾರ ಸಂದೇಶ ಬಂದರೆ ಶುಕ್ರವಾರ ಒಂದು. ಎರಡನೆಯ ಶನಿವಾರ ರಜೆ, ಭಾನುವಾರ ರಜೆ. ಸೋಮವಾರ ಎರಡು, ಮಂಗಳವಾರ ಮೂರು. ಮಂಗಳವಾರ ಸಂಜೆಯವರೆಗೂ ನೀವು ಸೊನ್ನೆಯ ಸಾಲಿನಲ್ಲೇ ಇದ್ದೀರಿ.

ಈಗ ಮೇಲಿನ ಅಂಕಿಯನ್ನು ನಿಮ್ಮ ಖಾತೆಗೆ ಹಚ್ಚಿ ನೋಡಿ. ನಾಲ್ಕರಿಂದ ಏಳು ದಿನದ ಸಾಲಿಗೆ ಬಿದ್ದರೆ ಗ್ರಾಹಕನ ಪಾಲು ಪ್ರತಿ ವಹಿವಾಟಿಗೆ ₹10,000. ಎಇಪಿಎಸ್ ಮಿತಿಯೂ ₹10,000. ಅಂದರೆ ಸಾಮಾನ್ಯ ಉಳಿತಾಯ ಖಾತೆಯವರಿಗೆ ಆ ಸಾಲಿನಿಂದ ಒಂದು ಪೈಸೆಯೂ ಸಿಗುವುದಿಲ್ಲ. ಜನಧನ ಖಾತೆಯಾದರೆ ಅರ್ಧ ಸಿಗುತ್ತದೆ. ಕಾಗದದ ಮೇಲೆ ರಕ್ಷಣೆ, ಕೈಗೆ ಬರುವಾಗ ಸೊನ್ನೆ. ಹೀಗಾಗಿ ನಿಮ್ಮ ಅರ್ಜಿ ನಿಲ್ಲಬೇಕಾದದ್ದು ಮೊದಲ ಸಾಲಿನ ಮೇಲೆ, ಬ್ಯಾಂಕಿನ ಲೋಪದ ಮೇಲೆ. ಲೋಪ ಎಲ್ಲಿದೆ? ಸಂದೇಶ ತಲುಪದ ಸಂಖ್ಯೆಯನ್ನು ಎರಡು ವರ್ಷ ಹಾಗೇ ಇಟ್ಟುಕೊಂಡದ್ದು. ನಡುವೆ ತಂದೆ ಶಾಖೆಗೆ ಬಂದಾಗ, ಕೆವೈಸಿ ಕೊಟ್ಟಾಗ ಸಂಖ್ಯೆ ಕೇಳದಿದ್ದದ್ದು. ಎಂದೂ ಎಇಪಿಎಸ್ ಬಳಸದ ಖಾತೆಯಿಂದ ಸಾಲಾಗಿ ಆರು ಸಲ ಹೋದರೂ ಎಚ್ಚರಿಕೆಯ ಗಂಟೆ ಬಾರಿಸದಿದ್ದದ್ದು. ಬ್ಯಾಂಕು ತಿರುಗಿ "ಸಂಖ್ಯೆ ಬದಲಾದದ್ದನ್ನು ತಿಳಿಸುವುದು ನಿಮ್ಮ ಹೊಣೆ" ಎನ್ನುತ್ತದೆ. ಇದು ತಳ್ಳಿಹಾಕುವಂಥ ವಾದವಲ್ಲ, ನಿಮ್ಮ ಪ್ರಕರಣದ ಮೆತ್ತನೆಯ ಜಾಗ ಇದೇ. ಆದರೆ ಸುತ್ತೋಲೆಯ ದಿನಗಳು ಎಣಿಕೆಯಾಗುವುದು ಗ್ರಾಹಕನಿಗೆ ಸಂದೇಶ ಬಂದಲ್ಲಿಂದ, ಬ್ಯಾಂಕು ಕಳಿಸಿದಲ್ಲಿಂದಲ್ಲ. ಜೂನ್‌ನಲ್ಲಿ ಪಾಸ್‌ಬುಕ್ ಎಂಟ್ರಿ ಆದ ದಿನವೇ ತಂದೆಗೆ ತಿಳಿದದ್ದು ಎಂದು ಬರೆಯಿರಿ, ಆ ದಿನದಿಂದ ಮೂರು ಕೆಲಸದ ದಿನಗಳೊಳಗೆ ಬರಹದ ದೂರು ಕೊಟ್ಟಿದ್ದರೆ ಅದನ್ನು ಒತ್ತಿ ಹೇಳಿ.

ಇನ್ನೆರಡು ಅಸ್ತ್ರ ಅದೇ ಸುತ್ತೋಲೆಯಲ್ಲಿವೆ. ಗ್ರಾಹಕನ ಹೊಣೆಯನ್ನು ಸಾಬೀತು ಮಾಡುವ ಭಾರ ಬ್ಯಾಂಕಿನದು. ದೂರು ಕೊಟ್ಟ ಹತ್ತು ಕೆಲಸದ ದಿನಗಳೊಳಗೆ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಜಮೆ ಹಾಕಬೇಕು. ಇದಕ್ಕೆ ಬ್ಯಾಂಕಿನವರು ಶ್ಯಾಡೋ ಕ್ರೆಡಿಟ್ ಎನ್ನುತ್ತಾರೆ, ಅದೇ ಹೆಸರಿನಲ್ಲಿ ಕೇಳಿ. 90 ದಿನಗಳೊಳಗೆ ದೂರು ಇತ್ಯರ್ಥವಾಗಬೇಕು. ಕೋರ್ಟುಗಳೂ ಈ ನಿಟ್ಟಿನಲ್ಲೇ ನಡೆದಿವೆ. ಎಸ್‌ಬಿಐ ವಿರುದ್ಧ ಪಿ.ವಿ. ಜಾರ್ಜ್ ಪ್ರಕರಣದಲ್ಲಿ (2019) ಎಸ್‌ಎಂಎಸ್‌ಗೆ ಗ್ರಾಹಕ ಪ್ರತಿಕ್ರಿಯಿಸಲಿಲ್ಲ ಎಂಬ ಕಾರಣಕ್ಕೆ ಬ್ಯಾಂಕು ಹೊಣೆಯಿಂದ ಜಾರಿಕೊಳ್ಳಲಾಗದು ಎಂದು ಕೇರಳ ಹೈಕೋರ್ಟ್ ಹೇಳಿತು. 2025ರ ಜನವರಿ 3ರಂದು ಸುಪ್ರೀಂ ಕೋರ್ಟ್ ಎಸ್‌ಬಿಐ ವಿರುದ್ಧ ಪಲ್ಲಭ್ ಭೌಮಿಕ್ ಪ್ರಕರಣದಲ್ಲಿ ₹94,204.80ನ್ನು ಗ್ರಾಹಕನಿಗೆ ಮರಳಿಸಬೇಕೆಂಬ ಗುವಾಹಟಿ ಹೈಕೋರ್ಟಿನ ತೀರ್ಪನ್ನೇ ಉಳಿಸಿತು. ಆತ 24 ಗಂಟೆಯೊಳಗೆ ಬ್ಯಾಂಕಿಗೆ ತಿಳಿಸಿದ್ದ ಎಂಬುದನ್ನು ಮರೆಯಬೇಡಿ. ಆ ತೀರ್ಪಿನ ಬಲ ಅಲ್ಲಿದೆ.

ಬ್ಯಾಂಕ್ ಮಿತ್ರನ ಕೈಗೆ ಕೊಟ್ಟ ₹50,000

"ಮಿತ್ರನಿಗೆ ಕೊಟ್ಟದ್ದಕ್ಕೆ ನಾವು ಹೊಣೆಯಲ್ಲ" ಎಂಬ ಮಾತು ಸುಳ್ಳು. ರಿಸರ್ವ್ ಬ್ಯಾಂಕ್ 2006ರಲ್ಲಿ ಈ ಮಿತ್ರರ ವ್ಯವಸ್ಥೆ ತಂದಾಗಲೇ, ಅವರು ಮಾಡಿದ್ದಕ್ಕೂ ಮಾಡದೆ ಬಿಟ್ಟದ್ದಕ್ಕೂ ಗ್ರಾಹಕನಿಗೆ ಬ್ಯಾಂಕೇ ಹೊಣೆ ಎಂದು ಬರೆದಿತ್ತು. ಮಿತ್ರನನ್ನು ಕಂಪನಿಯೊಂದರ ಮೂಲಕ ನೇಮಿಸಿದ್ದರೂ ಅದು ಬ್ಯಾಂಕಿನ ಮತ್ತು ಆ ಕಂಪನಿಯ ನಡುವಿನ ವ್ಯವಹಾರ, ನಿಮಗೆ ಬೇಕಾಗಿಲ್ಲ.

ಹಾಗಿದ್ದರೂ ಮೂರರಲ್ಲಿ ಇದೇ ನಿಮ್ಮ ಅತಿ ದುರ್ಬಲ ಬೇಡಿಕೆ, ಆ ಬಿಳಿ ಚೀಟಿಯಿಂದಾಗಿ. 1978ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಎಸ್‌ಬಿಐ ವಿರುದ್ಧ ಶ್ಯಾಮಾದೇವಿ ಪ್ರಕರಣದಲ್ಲಿ ಮಹಿಳೆಯೊಬ್ಬರ ಕಡೆಯವರು ನೆರೆಮನೆಯ ಬ್ಯಾಂಕ್ ನೌಕರನ ಕೈಗೆ ದುಡ್ಡು, ಪಾಸ್‌ಬುಕ್ ಕೊಟ್ಟು ಜಮೆ ಮಾಡಲು ಹೇಳಿದ್ದರು. ಆತ ನುಂಗಿದ. ಅವನು ದುಡ್ಡು ಪಡೆದದ್ದು ಬ್ಯಾಂಕಿನ ನೌಕರನಾಗಿ ಅಲ್ಲ, ಖಾತೆದಾರರ ನಂಬಿಗಸ್ಥನಾಗಿ. ಹಾಗಾಗಿ ಬ್ಯಾಂಕು ಹೊಣೆಯಲ್ಲ ಎಂದು ಕೋರ್ಟು ಹೇಳಿತು. ಈ ತೀರ್ಪು ಇಂದಿಗೂ ಬ್ಯಾಂಕುಗಳ ಗುರಾಣಿ. ಅದಕ್ಕೆದುರಾಗಿ 2022ರ ಫೆಬ್ರುವರಿಯಲ್ಲಿ ಪ್ರದೀಪ್ ಕುಮಾರ್ ವಿರುದ್ಧ ಪೋಸ್ಟ್ ಮಾಸ್ಟರ್ ಜನರಲ್ ಪ್ರಕರಣದಲ್ಲಿ, ಕಿಸಾನ್ ವಿಕಾಸ ಪತ್ರಗಳ ದುಡ್ಡನ್ನು ಕೆಲಸದ ನಡುವೆಯೇ ಅಂಚೆ ಸಿಬ್ಬಂದಿ ಸೇರಿ ಲಪಟಾಯಿಸಿದಾಗ, ನೌಕರನ ಮೋಸಕ್ಕೆ ಸಂಸ್ಥೆಯೇ ಹೊಣೆ, ಬೇಕಾದರೆ ಅದು ನೌಕರನಿಂದ ವಸೂಲಿ ಮಾಡಿಕೊಳ್ಳಲಿ ಎಂದು ಅದೇ ಕೋರ್ಟು ಹೇಳಿದೆ.

ನಿಮ್ಮ ₹50,000 ಈ ಎರಡರಲ್ಲಿ ಯಾವ ಕಡೆ ಬೀಳುತ್ತದೆ ಎಂಬುದು ಸಣ್ಣ ಸಂಗತಿಗಳ ಮೇಲೆ ನಿಂತಿದೆ. ದುಡ್ಡು ಕೊಟ್ಟದ್ದು ಅವನ ಕೇಂದ್ರದಲ್ಲೋ, ನಿಮ್ಮ ಕಟ್ಟೆಯ ಮೇಲೋ? ಹಗಲು ಕೆಲಸದ ಹೊತ್ತಿನಲ್ಲೋ, ರಾತ್ರಿಯೋ? ಅಲ್ಲಿ ಬ್ಯಾಂಕಿನ ಬೋರ್ಡು ಇತ್ತೇ? ಚೀಟಿಯಲ್ಲಿ ಖಾತೆ ಸಂಖ್ಯೆ ಬರೆದಿದ್ದಾನೆಯೇ, ಕೇಂದ್ರದ ಸೀಲು ಇದೆಯೇ? "ಖಾತೆಗೆ ಜಮೆ" ಎಂದಿದೆಯೇ, ಬರೀ "ಪಡೆದಿದ್ದೇನೆ" ಎಂದಿದೆಯೇ? ಇದೇ ಮಿತ್ರ ಮುಂಚೆ ಹೀಗೆಯೇ ಚೀಟಿ ಕೊಟ್ಟು ಆಮೇಲೆ ಜಮೆ ಮಾಡಿದ್ದ ಉದಾಹರಣೆ ನಿಮ್ಮ ಪಾಸ್‌ಬುಕ್ಕಿನಲ್ಲಿದ್ದರೆ ಅದು ಬಹಳ ಬೆಲೆಯುಳ್ಳದ್ದು. ಊರಿನ ಇತರರಿಗೂ ಹೀಗಾಗಿದ್ದರೆ ಅವರ ಚೀಟಿಗಳ ಪ್ರತಿಯನ್ನೂ ಸೇರಿಸಿ. ಬ್ಯಾಂಕಿನ ಹೆಸರಿನಲ್ಲಿ ನಡೆಯುತ್ತಿದ್ದ ರೂಢಿ ಅದು, ಮೇಲ್ವಿಚಾರಣೆ ಇರಲಿಲ್ಲ ಎಂದು ತೋರಿಸಲು ಅವು ಬೇಕು. ಹೆಚ್ಚು ಬಡ್ಡಿ ಕೊಡುತ್ತೇನೆಂದು ಆತ ಹೇಳಿದ್ದಕ್ಕೆ ಕೊಟ್ಟ ದುಡ್ಡಾದರೆ ಅದು ಖಾಸಗಿ ಸಾಲ, ಬ್ಯಾಂಕಿನ ಹತ್ತಿರ ಕೇಳಿ ಫಲವಿಲ್ಲ. ಯಂತ್ರದಿಂದ ಬಂದ ರಸೀದಿ ಇಲ್ಲದೆ ಮಿತ್ರನ ಹತ್ತಿರ ಒಂದು ರೂಪಾಯಿ ಕಟ್ಟುವುದೂ ಬೇಡ.

ಅರ್ಜಿಯ ಮುಂಚೆ

ಇಡೀ ಹೇಳಿಕೆ ಪತ್ರವನ್ನು ಸಾಲು ಸಾಲಾಗಿ ಓದಿ, ಮೋಸವಲ್ಲದ ಖರ್ಚುಗಳನ್ನು ಹೊರಗಿಡಿ. ಮೇ ಕೊನೆಯಲ್ಲಿ ₹436 ಮತ್ತು ₹20 ಹೋಗಿದ್ದರೆ ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ಮತ್ತು ಸುರಕ್ಷಾ ವಿಮೆಯ ಕಂತು. ಎಟಿಎಂನಲ್ಲಿ ದುಡ್ಡು ಬಾರದೆ ಖಾತೆಯಿಂದ ಹೋಗಿದ್ದರೆ ಐದು ದಿನದೊಳಗೆ ತಾನಾಗಿ ಮರಳಬೇಕು, ತಪ್ಪಿದರೆ ದಿನಕ್ಕೆ ₹100 ಪರಿಹಾರ. ಹಳೆಯ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಅಥವಾ ಕೃಷ್ಣಾ ಗ್ರಾಮೀಣ ಬ್ಯಾಂಕಿನ ಪಾಸ್‌ಬುಕ್, ಎಫ್‌ಡಿ ರಸೀದಿ ಕಲಬುರಗಿ, ಬೀದರ್, ಯಾದಗಿರಿಯ ಬಹಳ ಮನೆಗಳ ಟ್ರಂಕಿನಲ್ಲಿವೆ. "ಆ ಬ್ಯಾಂಕೇ ಈಗಿಲ್ಲ" ಎಂಬ ಉತ್ತರ ನಡೆಯುವುದಿಲ್ಲ. ಹೈದರಾಬಾದ್ ಬ್ಯಾಂಕಿನ ಹೊಣೆಗಳೆಲ್ಲ 2017ರ ಏಪ್ರಿಲ್ 1ರಂದು ಎಸ್‌ಬಿಐಗೆ ಬಂದವು. ಕೃಷ್ಣಾ ಗ್ರಾಮೀಣ ಬ್ಯಾಂಕಿನವು 2013ರ ಮತ್ತು ಆಮೇಲಿನ ವಿಲೀನಗಳ ಮೂಲಕ, 2025ರ ಮೇ 1ರಿಂದ ಬಳ್ಳಾರಿ ಕೇಂದ್ರವಾಗಿರುವ ಕರ್ನಾಟಕ ಗ್ರಾಮೀಣ ಬ್ಯಾಂಕಿಗೆ ಬಂದಿವೆ. ಹತ್ತು ವರ್ಷ ಯಾರೂ ಮುಟ್ಟದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗಿರುತ್ತದೆ. ಅದು ನಷ್ಟವಲ್ಲ: ಉದ್ಗಮ್ ಪೋರ್ಟಲಿನಲ್ಲಿ ಹುಡುಕಿ, ಶಾಖೆಯಲ್ಲಿ ಕೇಳಿದರೆ ಮರಳುತ್ತದೆ.

ಸ್ಲಿಪ್ಪಿನ ಅರ್ಜಿಯ ಒಕ್ಕಣೆ ಹೀಗಿರಲಿ: "ನನ್ನ ಖಾತೆಯಲ್ಲಿ ಕೆಳಗೆ ತೋರಿಸಿದ ಎರಡು ಖರ್ಚುಗಳು ನನ್ನ ಅಪ್ಪಣೆಯಿಲ್ಲದೆ ಬಿದ್ದಿವೆ. ಇವುಗಳಿಗೆ ನಾನು ಅಪ್ಪಣೆ ಕೊಟ್ಟದ್ದನ್ನು ತೋರಿಸುವ ದಾಖಲೆಗಳ ಪ್ರತಿ ಕೊಡಿ; ಇಲ್ಲವಾದರೆ ಆಯಾ ತಾರೀಖಿನಿಂದ ಬಡ್ಡಿ ಸಹಿತ ಮೊತ್ತವನ್ನು ಖಾತೆಗೆ ಮರಳಿ ಜಮೆ ಮಾಡಿ." ಕೆಳಗೆ ತಾರೀಖು, ಮೊತ್ತ, ವಿವರಣೆಯ ಸಾಲು ಪಾಸ್‌ಬುಕ್ಕಿನಲ್ಲಿ ಇದ್ದಂತೆಯೇ. ಕನ್ನಡದಲ್ಲೇ ಬರೆಯಿರಿ, ಬೇರೆ ರಾಜ್ಯದಿಂದ ಬಂದ ಮ್ಯಾನೇಜರಿಗೆ ಓದಲು ಬಾರದಿದ್ದರೆ ಅದು ಬ್ಯಾಂಕಿನ ತೊಂದರೆ. ಸಹಿ ತಂದೆಯದೇ ಇರಬೇಕು. ಒಂದು ಪ್ರತಿಗೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಹಾಕುವುದಿಲ್ಲ ಎಂದರೆ ಜಗಳ ಬೇಡ, ಸ್ಪೀಡ್ ಪೋಸ್ಟ್‌ನಲ್ಲಿ ಶಾಖೆಗೂ ಪ್ರಾದೇಶಿಕ ಕಚೇರಿಗೂ ಕಳಿಸಿ. ಬಾಯಿಮಾತಿನ ದೂರು ದೂರೇ ಅಲ್ಲ. ಸ್ಲಿಪ್ಪಿನ ಪ್ರತಿ ಕೊಡದಿದ್ದರೆ, ಬ್ಯಾಂಕು ಸರ್ಕಾರಿ ವಲಯದ್ದೋ ಗ್ರಾಮೀಣ ಬ್ಯಾಂಕೋ ಆಗಿದ್ದಲ್ಲಿ, ₹10 ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ. ನಿಮ್ಮದೇ ಖಾತೆಯ ದಾಖಲೆಯನ್ನು ಗೌಪ್ಯತೆಯ ನೆಪದಲ್ಲಿ ನಿಮಗೇ ನಿರಾಕರಿಸಲಾಗದು.

30 ದಿನದೊಳಗೆ ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ (ಬ್ಯಾಂಕುಗಳ ಮೇಲಿನ ದೂರು ತೀರ್ಮಾನಿಸುವ ಅಧಿಕಾರಿ). ರಿಸರ್ವ್ ಬ್ಯಾಂಕಿನ ದೂರಿನ ಜಾಲತಾಣವಾದ ಸಿಎಂಎಸ್ ಪೋರ್ಟಲಿನಲ್ಲಿ ಉಚಿತವಾಗಿ ಸಲ್ಲಿಸಬಹುದು, ಮಾಹಿತಿಗೆ 14448. ಆದರೆ ಒಂದು ಸೂಕ್ಷ್ಮವಿದೆ. ಹೆಚ್ಚು ಸಾಕ್ಷಿ ವಿಚಾರಣೆ ಬೇಕಾದ ದೂರನ್ನು ಓಂಬುಡ್ಸ್‌ಮನ್ ಮುಚ್ಚಿಬಿಡಬಹುದು. ನಕಲಿ ಸಹಿಯ ತಕರಾರು ಅಂಥದ್ದೇ. ಎಇಪಿಎಸ್ ತಕರಾರು ಕಾಗದ ನೋಡಿ ತೀರ್ಮಾನಿಸುವಂಥದ್ದು, ಸುತ್ತೋಲೆಯೂ ರಿಸರ್ವ್ ಬ್ಯಾಂಕಿನದೇ. ಆದ್ದರಿಂದ ₹60,000ಕ್ಕೆ ಓಂಬುಡ್ಸ್‌ಮನ್, ₹2,10,000ಕ್ಕೆ ಕಲಬುರಗಿಯ ಜಿಲ್ಲಾ ಗ್ರಾಹಕರ ಆಯೋಗ ಎಂದು ಹಂಚಿಕೊಳ್ಳಿ. ಒಂದೇ ತಕರಾರನ್ನು ಮೊದಲೇ ಆಯೋಗಕ್ಕೋ ಸಿವಿಲ್ ಕೋರ್ಟಿಗೋ ಒಯ್ದರೆ ಓಂಬುಡ್ಸ್‌ಮನ್ ಮುಟ್ಟುವುದಿಲ್ಲ. ಪೊಲೀಸ್ ದೂರು ಕೊಟ್ಟಿದ್ದರೆ ಅಡ್ಡಿಯಿಲ್ಲ.

ಗ್ರಾಹಕರ ಆಯೋಗಕ್ಕೆ ಎರಡು ವರ್ಷದ ಅವಧಿ. ಎಣಿಕೆಯನ್ನು ದುಡ್ಡು ಹೋದ ತಾರೀಖಿನಿಂದಲೇ ಇಟ್ಟುಕೊಳ್ಳುವುದು ಕ್ಷೇಮ. ದೂರುದಾರ ವಾಸವಿರುವ ಜಿಲ್ಲೆಯಲ್ಲೇ ಹಾಕಬಹುದು, ಐದು ಲಕ್ಷದವರೆಗೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ಇಲ್ಲಿ ಬಹಳ ದೂರುಗಳು ಬೀಳುವುದು ಬರವಣಿಗೆಯಿಂದ. 2023ರ ಮಾರ್ಚ್‌ನಲ್ಲಿ ಸಿಟಿ ಯೂನಿಯನ್ ಬ್ಯಾಂಕ್ ವಿರುದ್ಧ ಆರ್. ಚಂದ್ರಮೋಹನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಂಚನೆ, ಮೋಸದಂಥ ಗಹನ ವಿವಾದಗಳನ್ನು ಗ್ರಾಹಕ ವೇದಿಕೆಗಳು ತೀರ್ಮಾನಿಸುವಂತಿಲ್ಲ ಎಂದಿದೆ. "ಮ್ಯಾನೇಜರ್, ಕ್ಯಾಷಿಯರ್ ಸೇರಿ ಸಂಚು ಮಾಡಿ ಮೋಸ ಮಾಡಿದರು" ಎಂದು ಎರಡು ಪುಟ ಬರೆದರೆ ನಿಮ್ಮ ದೂರಿಗೆ ನೀವೇ ಬಾಗಿಲು ಹಾಕಿಕೊಂಡಂತೆ. "ಅಪ್ಪಣೆಯಿಲ್ಲದೆ ಖರ್ಚು ಹಾಕಿದ್ದಾರೆ, ದಾಖಲೆ ಕೇಳಿದರೂ ಕೊಟ್ಟಿಲ್ಲ, ಇದು ಸೇವಾ ನ್ಯೂನತೆ" ಎಂದಷ್ಟೇ ಬರೆಯಿರಿ. ಸಿಟ್ಟನ್ನು ಪೊಲೀಸ್ ದೂರಿಗೆ ಉಳಿಸಿಕೊಳ್ಳಿ.

ಆ ದೂರೂ ಬೇಕು. ಹೆಬ್ಬೆಟ್ಟಿನ ವಹಿವಾಟಿಗೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮತ್ತು ಜಿಲ್ಲೆಯ ಸೆನ್ (ಸೈಬರ್ ಅಪರಾಧದ) ಠಾಣೆ. ಸ್ಲಿಪ್ ಮತ್ತು ಮಿತ್ರನ ವಿಷಯಕ್ಕೆ ನಿಮ್ಮ ಠಾಣೆ. ಬ್ಯಾಂಕ್ ನೌಕರನೋ ಮಿತ್ರನೋ ನಂಬಿಕೆ ದ್ರೋಹ ಮಾಡಿದ್ದರೆ ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಂನ 5ನೇ ಉಪಕಲಂ ಹತ್ತಿರ ಬರುತ್ತದೆ. ಆದರೆ "ಪೊಲೀಸ್ ತನಿಖೆ ಮುಗಿಯಲಿ, ಆಮೇಲೆ ನೋಡೋಣ" ಎಂದು ಬ್ಯಾಂಕು ಹೇಳಿದರೆ ಒಪ್ಪಬೇಡಿ. ಕಳ್ಳ ಸಿಗುವುದಕ್ಕೂ ಬ್ಯಾಂಕು ತನ್ನ ಬಾಕಿ ತೀರಿಸುವುದಕ್ಕೂ ಗಂಟು ಹಾಕುವಂತಿಲ್ಲ.

ಎಲ್ಲ ದಾರಿ ಮುಚ್ಚಿದರೂ ಸಿವಿಲ್ ದಾವೆ ಇದ್ದೇ ಇದೆ. ಕಾಲಮಿತಿ ಕಾಯ್ದೆಯ 22ನೇ ಅನುಚ್ಛೇದದ ಪ್ರಕಾರ ಬ್ಯಾಂಕಿನಲ್ಲಿಟ್ಟ ದುಡ್ಡಿಗೆ ಮೂರು ವರ್ಷದ ಅವಧಿ ಶುರುವಾಗುವುದು ನೀವು ಬೇಡಿಕೆ ಇಟ್ಟ ದಿನದಿಂದ. ಸೀಲು ಹಾಕಿಸಿದ ಅರ್ಜಿಯ ತಾರೀಖು ಅಷ್ಟು ಮುಖ್ಯವಾಗುವುದು ಇದಕ್ಕೂ ಹೌದು.

ನಿಮ್ಮ ಠೇವಣಿ ಬ್ಯಾಂಕಿನದ್ದಲ್ಲ, ಸೌಹಾರ್ದ ಸಹಕಾರಿಯದೋ ಪತ್ತಿನ ಸಂಘದ್ದೋ ಆಗಿದ್ದರೆ ಓಂಬುಡ್ಸ್‌ಮನ್ ಇಲ್ಲ, ಠೇವಣಿ ವಿಮೆಯೂ ಇಲ್ಲ. ಅಲ್ಲಿ ಸಹಕಾರ ಇಲಾಖೆಯ ತಕರಾರು ದಾವೆ ಮತ್ತು ಗ್ರಾಹಕರ ಆಯೋಗವೇ ಗತಿ. ಅದರ ನಿಯಮಗಳು ಬೇರೆ.

ಅರ್ಜಿ ಕೊಟ್ಟ ಕೆಲವು ವಾರಗಳಲ್ಲಿ ಶಾಖೆಯಿಂದ ಕರೆ ಬರಬಹುದು: "ಒಂದು ಲಕ್ಷ ಮಾಡಿಕೊಡುತ್ತೇವೆ, ಇಲ್ಲೊಂದು ಸಹಿ ಹಾಕಿ." ಆ ಕಾಗದದಲ್ಲಿ "ಪೂರ್ಣ ಮತ್ತು ಅಂತಿಮ ಇತ್ಯರ್ಥ" ಎಂಬ ಮಾತಿದೆಯೇ ನೋಡಿ. ಇದ್ದರೆ ಉಳಿದದ್ದನ್ನು ಕೇಳುವ ಹಾದಿ ಹೆಚ್ಚುಕಡಿಮೆ ಮುಚ್ಚಿದಂತೆ. ದುಡ್ಡು ಬೇಡವೆನ್ನಬೇಡಿ, "ಭಾಗಶಃ ಜಮೆ, ಉಳಿದ ಬೇಡಿಕೆಗೆ ಬಾಧಕವಿಲ್ಲದೆ ಸ್ವೀಕರಿಸಿದ್ದೇನೆ" ಎಂದು ತಂದೆಯವರ ಕೈಯಲ್ಲೇ ಬರೆಸಿ, ಅದರ ಕೆಳಗೆ ಸಹಿ ಹಾಕಿಸಿ. ಅಸಲು ಪಾಸ್‌ಬುಕ್, ಆ ಬಿಳಿ ಚೀಟಿ, ಇವನ್ನು "ಪರಿಶೀಲನೆಗೆ ಬೇಕು" ಎಂದರೆ ಜೆರಾಕ್ಸ್ ಕೊಡಿ, ಅಸಲು ಮನೆಯಲ್ಲಿರಲಿ.